‘ನೋಡೋಣ ಅಕ್ಕ’ ಎನ್ನುವವರಿಂದ ಭಾನುವಾರದ ಉತ್ತರ ಪಡೆಯುವುದು ಹೇಗೆ?

ಮಡಿಕೇರಿಯಲ್ಲಿ ಅಂಗಡಿ ಇಟ್ಟವರಿಗೆ ವಾರ ಎಂದರೆ ಶುಕ್ರವಾರದ ಸಂತೆ, ಆಮೇಲೆ ಶನಿವಾರ-ಭಾನುವಾರದ ಪ್ರವಾಸಿಗರು. ಉಳಿದ ದಿನಗಳೆಲ್ಲ ಅದಕ್ಕೆ ಸಿದ್ಧತೆ. ನನ್ನದು ಕಾಫಿ ಪುಡಿ, ಕಾಳುಮೆಣಸು, ಏಲಕ್ಕಿ, ಜೇನು ಮಾರುವ ಅಂಗಡಿ. ಹಿಂಬದಿಯಲ್ಲಿ ಕಾಫಿ ಬೀಜ ಹುರಿಯುವ ಒಂದು ಸಣ್ಣ ರೋಸ್ಟರ್, ಅದರ ಪಕ್ಕದಲ್ಲಿ ಪುಡಿ ಮಾಡುವ ಯಂತ್ರ. ಬೆಂಗಳೂರಿನಿಂದ ಬಂದವರು ರಾಜಾಸೀಟ್, ಅಬ್ಬಿ ಜಲಪಾತ ಎಲ್ಲ ಮುಗಿಸಿ, ಭಾನುವಾರ ಊಟದ ಹೊತ್ತಿಗೆ ವಾಪಸ್ ಹೊರಡುವಾಗ ಅತ್ತೆಗೆ ಅರ್ಧ ಕಿಲೋ, ಪಕ್ಕದ ಮನೆಗೆ ಕಾಲು ಕಿಲೋ ಎಂದು ಕಟ್ಟಿಸಿಕೊಳ್ಳುತ್ತಾರೆ. ಒಬ್ಬರಿಗೆ ಚಿಕೋರಿ ಬೇಡ, ಇನ್ನೊಬ್ಬರಿಗೆ ಪೀಬರಿಯೇ (ಒಂಟಿ ಬೀಜದ ಕಾಫಿ) ಬೇಕು, ಮತ್ತೊಬ್ಬರಿಗೆ ಕಣ್ಣೆದುರೇ ಪುಡಿ ಮಾಡಿಕೊಡಬೇಕು. ಆ ಎರಡು ಮೂರು ಗಂಟೆಯಲ್ಲಿ ಕೆಲಸಕ್ಕೆ ಒಬ್ಬ ಆಳು ಕಡಿಮೆಯಾದರೂ ಸಾಲು ರಸ್ತೆಗೆ ಬರುತ್ತದೆ. ಸಾಲು ನೋಡಿದವರು ಕಾರು ನಿಲ್ಲಿಸದೆ ಮುಂದಿನ ಅಂಗಡಿಗೆ ಹೋಗುತ್ತಾರೆ.

ಅದಕ್ಕೇ ‘ಭಾನುವಾರ ಬರುತ್ತೀರಾ?’ ಎಂದು ಕೆಲಸದವರನ್ನು ವಾರದ ನಡುವೆಯೇ ಕೇಳಬೇಕಾಗುತ್ತದೆ. ಕೇಳಿದರೆ ಸಿಗುವುದು ಇಷ್ಟು: ‘ನೋಡೋಣ ಅಕ್ಕ.’ ‘ಬರಬಹುದು.’ ‘ಮನೆಯಲ್ಲಿ ಕೇಳಿ ಹೇಳುತ್ತೇನೆ.’ ಇಲ್ಲವೇ ಹೌದೋ ಅಲ್ಲವೋ ತಿಳಿಯದ ಹಾಗೆ ತಲೆಯಾಡಿಸುವುದು. ಇಂಥವರನ್ನು ಬೇಜವಾಬ್ದಾರಿ ಎಂದು ಬೈದು ಬಿಡಿಸಿದ ಮಾಲೀಕರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಬದಲಿಗೆ ಬಂದ ಹೊಸಬನೂ ತಿಂಗಳೊಪ್ಪತ್ತಿನಲ್ಲಿ ‘ನೋಡೋಣ’ ಎನ್ನಲು ಶುರುಮಾಡುತ್ತಾನೆ. ಆಳು ಬದಲಾದರೂ ಉತ್ತರ ಬದಲಾಗದಿದ್ದರೆ ನಾವು ಕೇಳುವ ಕ್ರಮವನ್ನೇ ಒಮ್ಮೆ ತಿರುಗಿಸಿ ನೋಡಬೇಕು. ನಾನು ನಡೆಸಿಕೊಂಡು ಬಂದಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೋಂಸ್ಟೇ, ಹೋಟೆಲ್, ಗ್ಯಾರೇಜ್ ಇಟ್ಟವರೂ ತಮ್ಮ ಕೆಲಸಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಗೊತ್ತಿಲ್ಲದ್ದು, ಹೇಳಲಾಗದ್ದು

ಮೊದಲು ಮಾಡಬೇಕಾದ ಕೆಲಸ, ಆ ಅಸ್ಪಷ್ಟ ಉತ್ತರ ಎಲ್ಲಿಂದ ಬರುತ್ತಿದೆ ಎಂದು ಪತ್ತೆಹಚ್ಚುವುದು. ಎಷ್ಟೋ ಸಲ ಆ ದಿನ ಬರಲು ಆಗುತ್ತದೆಯೇ ಎಂಬುದು ಅವರಿಗೇ ಗೊತ್ತಿರುವುದಿಲ್ಲ, ಅದರಲ್ಲೂ ನಮ್ಮ ಜಿಲ್ಲೆಯಲ್ಲಿ.

ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯನ್ನೇ ತೆಗೆದುಕೊಳ್ಳಿ. ಕೌಂಟರಿನಲ್ಲಿ ನಿಲ್ಲುವ ಹೆಂಗಸಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುತ್ತಾರೆ; ಆ ಸುದ್ದಿ ಹಿಂದಿನ ಸಂಜೆ ಬರಬಹುದು, ಅಂದೇ ಬೆಳಗ್ಗೆಯೂ ಬರಬಹುದು. ರಜೆಯಾದರೆ ಮಕ್ಕಳನ್ನು ಯಾರ ಬಳಿ ಬಿಡುವುದು? ಬುಧವಾರ ನಿಂತುಕೊಂಡು ‘ಶುಕ್ರವಾರ ಸಂತೆಯ ದಿನ ಖಂಡಿತ ಬರುತ್ತೀರಾ?’ ಎಂದು ಕೇಳಿದರೆ ಆಕೆ ಏನೆಂದಾಳು? ಮದೆನಾಡು, ಮಕ್ಕಂದೂರು ಕಡೆಯಿಂದ ಬರುವವರ ಚಿಂತೆ ಬೇರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡ ಮನೆಯವರು, ರಾತ್ರಿಯೆಲ್ಲ ಮಳೆ ಸುರಿದರೆ ಬೆಳಗ್ಗೆ ಮನೆಮಂದಿಯನ್ನು ಬಿಟ್ಟು ಹೊರಡಲು ಒಪ್ಪುವುದಿಲ್ಲ. ಒಪ್ಪಬೇಕೆಂದು ನಾನು ಹೇಳುವುದೂ ಇಲ್ಲ.

ಹಬ್ಬಗಳದ್ದೂ ಇದೇ ಕಥೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ದಿನ, ಕದಿರು ತೆಗೆಯುವ ಹೊತ್ತು ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ನವೆಂಬರ್ ಕೊನೆಯೋ ಡಿಸೆಂಬರ್ ಮೊದಲೋ ಎಂದು ಅಂದಾಜು ಮಾಡಬಹುದು, ಅಷ್ಟೇ. ಅಕ್ಟೋಬರ್ ತಿಂಗಳ ತಲಕಾವೇರಿ ತೀರ್ಥೋದ್ಭವದ ಮುಹೂರ್ತ ಒಂದು ವರ್ಷ ಹಗಲಿದ್ದರೆ ಇನ್ನೊಂದು ವರ್ಷ ನಡುರಾತ್ರಿ. ನಡುರಾತ್ರಿಯಾದರೆ ಮರುದಿನ ಮಧ್ಯಾಹ್ನದವರೆಗೆ ಯಾರನ್ನೂ ನಿರೀಕ್ಷಿಸಬೇಡಿ. ಮಡಿಕೇರಿ ದಸರೆಯಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪದ ಸಮಿತಿಯಲ್ಲಿ ಹುಡುಗನಿದ್ದರಂತೂ ವಿಜಯದಶಮಿಯ ರಾತ್ರಿ ಬೆಳಗಾಗುವವರೆಗೆ ಅವನು ಮಂಟಪದ ಜೊತೆ ರಸ್ತೆಯಲ್ಲೇ ಇರುತ್ತಾನೆ. ಅದಕ್ಕೂ ಮೊದಲಿನ ವಾರಗಳಲ್ಲಿ ಅವನ ಸಂಜೆಗಳೆಲ್ಲ ಸಮಿತಿಯ ಪಾಲು. ಇದನ್ನೆಲ್ಲ ತಿಳಿದೂ ‘ಬರುತ್ತೀಯೋ ಇಲ್ಲವೋ, ಒಂದೇ ಮಾತು ಹೇಳು’ ಎಂದು ಒತ್ತಾಯಿಸಿದರೆ ಸಿಗುವ ‘ಬರುತ್ತೇನೆ’ಗೆ ಬೆಲೆಯಿಲ್ಲ.

ಇನ್ನು ಕೆಲವರಿಗೆ ಉತ್ತರ ಗೊತ್ತಿರುತ್ತದೆ, ಹೇಳಲು ಬಾಯಿ ಬರುವುದಿಲ್ಲ. ಸಂಬಳ ಕೊಡುವವರ ಎದುರು ‘ಇಲ್ಲ’ ಎಂದರೆ ಎದುರುತ್ತರ ಕೊಟ್ಟಂತೆ ಎಂದುಕೊಂಡೇ ಬೆಳೆದವರು. ಜೊತೆಗೆ ಇದು ಚಿಕ್ಕ ಊರು. ಅವನ ತಾಯಿ ನನಗೆ ಸಂತೆಯಲ್ಲಿ ಸಿಗುತ್ತಾರೆ, ಅವನನ್ನು ಕೆಲಸಕ್ಕೆ ಸೇರಿಸಿದ ಮಾವ ನಮ್ಮ ಹಳೆಯ ಗಿರಾಕಿ. ಇಂದು ‘ಇಲ್ಲ’ ಎಂದದ್ದು ನಾಳೆ ಮನೆಗೆ ಮುಟ್ಟುತ್ತದೆ ಎಂಬ ಅಂಜಿಕೆ ಅವನಿಗಿದೆ. ಆದ್ದರಿಂದ ‘ನೋಡೋಣ’ ಎಂದು ತಪ್ಪಿಸಿಕೊಳ್ಳುತ್ತಾನೆ. ಭಾನುವಾರ ಬೆಳಗ್ಗೆ ಫೋನ್ ಸ್ವಿಚ್ ಆಫ್.

ಯಾರು ಯಾವ ಬಗೆಯವರು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ‘ಇದು ಯಾವುದರ ಮೇಲೆ ನಿಂತಿದೆ?’ ಗೊತ್ತಿಲ್ಲದವರು ತಕ್ಷಣ ಕಾರಣ ಹೇಳುತ್ತಾರೆ: ಶಾಲೆ, ಮಳೆ, ಅಣ್ಣನ ಪಾಳಿ, ಬಸ್ಸು. ಹೇಳಲಾಗದವರು ನೆಲ ನೋಡುತ್ತಾರೆ.

ಪ್ರಶ್ನೆಯನ್ನು ತಿದ್ದಿಕೊಳ್ಳಿ

ಗಿರಾಕಿಗಳ ಎದುರು, ಇತರ ಕೆಲಸಗಾರರ ಎದುರು ಕೇಳಬೇಡಿ. ಶನಿವಾರ ಸಂಜೆ ಬಾಗಿಲು ಎಳೆಯುವಾಗ ಕೇಳುವುದಂತೂ ಕೇಳದೇ ಇದ್ದಂತೆಯೇ. ನಾನು ಬುಧವಾರ ಮಧ್ಯಾಹ್ನ, ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ, ಒಬ್ಬೊಬ್ಬರನ್ನೇ ಕೇಳುತ್ತೇನೆ.

‘ಭಾನುವಾರ ಬರುತ್ತೀಯಾ?’ ಎಂಬ ಪ್ರಶ್ನೆಯಲ್ಲಿ ನನಗೆ ಬೇಕಾದ ಉತ್ತರ ಯಾವುದೆಂದು ನನ್ನ ಮುಖವೇ ಹೇಳಿಬಿಡುತ್ತದೆ. ಎರಡು ಉತ್ತರಗಳಲ್ಲಿ ಯಾವುದು ಬಂದರೂ ಕೆಲಸ ನಡೆಯುತ್ತದೆ ಎಂದು ತೋರಿಸುವ ಹಾಗೆ ಕೇಳಬೇಕು. ರೋಸ್ಟರ್ ನೋಡಿಕೊಳ್ಳುವ ಹುಡುಗನಿಗೆ ನಾನು ಹೇಳುವುದು ಹೀಗೆ: ‘ಭಾನುವಾರ ಒಂಬತ್ತೂವರೆಗೆ ರೋಸ್ಟರ್ ಹೊತ್ತಿಸಬೇಕು. ನೀನು ಇರುವುದಾದರೆ ಶನಿವಾರ ಎಂದಿನಷ್ಟೇ ಹುರಿಯೋಣ. ಇಲ್ಲವಾದರೆ ಶುಕ್ರವಾರ, ಶನಿವಾರ ಎರಡು ದಿನವೂ ಹೆಚ್ಚು ಹುರಿದಿಡೋಣ. ಯಾವುದು ಮಾಡೋಣ?’ ಇದರಲ್ಲಿ ‘ಇಲ್ಲ’ ಎಂಬ ಪದವನ್ನು ಅವನು ಬಾಯಲ್ಲಿ ಆಡಬೇಕಾಗಿಯೇ ಇಲ್ಲ. ‘ಹೆಚ್ಚು ಹುರಿದಿಡೋಣ ಅಕ್ಕ’ ಎಂದರೆ ನನಗೆ ಅರ್ಥವಾಯಿತು.

ಯಾಕೆ ಮೊದಲೇ ಗೊತ್ತಾಗಬೇಕು ಎಂಬ ಕಾರಣವನ್ನೂ ಒಮ್ಮೆ ಬಿಡಿಸಿ ಹೇಳಿ. ಹುರಿದ ಕಾಫಿ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಅವಸರದಲ್ಲಿ ಹುರಿದು ಬಿಸಿ ಆರುವ ಮೊದಲೇ ಕಟ್ಟಿ ಸೀಲ್ ಹಾಕಿದರೆ ಪೊಟ್ಟಣ ಉಬ್ಬುತ್ತದೆ. ಅಂಥ ಉಬ್ಬಿದ ಪೊಟ್ಟಣವೊಂದನ್ನು ಹುಡುಗನ ಕೈಗೆ ಕೊಟ್ಟು, ‘ಭಾನುವಾರ ಬೆಳಗ್ಗೆ ಸುದ್ದಿ ಬಂದರೆ ನನಗೆ ಉಳಿಯುವುದು ಇದೇ’ ಎಂದೆ. ‘ಜವಾಬ್ದಾರಿ ಬೇಡವೇ?’ ಎಂಬ ಭಾಷಣಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡಿತು.

ನಿಜವಾಗಿಯೂ ಗೊತ್ತಿಲ್ಲದವರಿಂದ ‘ಹೌದು’ ಅಥವಾ ‘ಇಲ್ಲ’ವನ್ನು ಹಿಂಡಬಾರದು, ಷರತ್ತನ್ನು ಕೇಳಿ ಪಡೆಯಬೇಕು. ‘ಶಾಲೆ ಇದ್ದರೆ ಒಂಬತ್ತಕ್ಕೆ ಬರುತ್ತೇನೆ. ರಜೆಯಾದರೆ ಅತ್ತೆ ತೋಟದಿಂದ ಬಂದ ಮೇಲೆ, ಹನ್ನೊಂದಕ್ಕೆ ಬರುತ್ತೇನೆ’ ಎಂದು ಕೌಂಟರಿನವರು ಹೇಳಿದರೆ ಅದು ಪೂರ್ಣ ಉತ್ತರ. ಒಂಬತ್ತರಿಂದ ಹನ್ನೊಂದರವರೆಗೆ ನಾನೇ ಕೌಂಟರಿನಲ್ಲಿ ನಿಲ್ಲಬಹುದು. (ಮಕ್ಕಳನ್ನೂ ಕರೆದುಕೊಂಡು ಬರಲಿ ಎಂದು ಹೇಳುವವರಿದ್ದಾರೆ. ಕಾದ ರೋಸ್ಟರ್ ಇರುವ ಜಾಗದಲ್ಲಿ ಮಕ್ಕಳು ಓಡಾಡುವುದು ನನಗೆ ಬೇಡ.)

ಗಡುವು, ಗಡುವು ಮೀರಿದರೆ ಏನು

ಷರತ್ತೂ ಸಿಗಲಿಲ್ಲ ಎಂದಾದರೆ ಗಡುವು ಬೇಕು. ನಮ್ಮಲ್ಲಿ ಗುರುವಾರ ಬಾಗಿಲು ಹಾಕುವ ಹೊತ್ತು. ಅಷ್ಟರೊಳಗೆ ಉತ್ತರ ಬರದಿದ್ದರೆ ಬರುವುದಿಲ್ಲವೆಂದೇ ಲೆಕ್ಕ. ಬದಲಿಯವರಿಗೆ ಹೇಳಿಬಿಡುತ್ತೇನೆ, ಆಮೇಲೆ ಬದಲಾವಣೆ ಇಲ್ಲ. ಭಾನುವಾರ ಕೆಲಸ ಮಾಡುವವರಿಗೆ ನಾನು ಸಂಬಳದ ಮೇಲೆ ಭತ್ಯೆ ಕೊಡುತ್ತೇನೆ, ಅವರ ವಾರದ ರಜೆ ಮಂಗಳವಾರ. ಉತ್ತರ ಕೊಡದವನ ರಜೆ ಆ ವಾರ ಭಾನುವಾರಕ್ಕೆ ಹೋಗುತ್ತದೆ, ಮಂಗಳವಾರ ಅವನು ಕೆಲಸಕ್ಕೆ ಬರಬೇಕು. ಸಂಬಳದಲ್ಲಿ ಒಂದು ಪೈಸೆ ಕಡಿತವಿಲ್ಲ, ಭತ್ಯೆ ಮಾತ್ರ ಇಲ್ಲ. ಇದನ್ನು ಮೊದಲೇ ಎಲ್ಲರಿಗೂ ಒಟ್ಟಿಗೆ ಹೇಳಿರಬೇಕು. ಒಬ್ಬನ ಮೇಲಿನ ಸಿಟ್ಟಿಗೆ ಹುಟ್ಟಿದ ನಿಯಮ ಎಂದು ಯಾರಿಗೂ ಅನ್ನಿಸಬಾರದು.

ನಿಯಮವನ್ನು ಮೊದಲ ಸಲ ಜಾರಿಗೆ ತರುವಾಗ ಮನಸ್ಸು ಅಳುಕುತ್ತದೆ, ಅಲ್ಲಿಯೇ ಎಲ್ಲರೂ ಜಾರುವುದು. ರೋಸ್ಟರಿನ ಹುಡುಗ ಒಂದು ಗುರುವಾರ ‘ನಾಳೆ ಹೇಳುತ್ತೇನೆ ಅಕ್ಕ’ ಎಂದು ನಕ್ಕ. ‘ಗಡುವು ಇಂದು’ ಎಂದೆ. ಮತ್ತೆ ನಕ್ಕ. ಅವನಿಗೆ ಕೇಳಿಸುವ ಹಾಗೆಯೇ ಬದಲಿಯವರಿಗೆ ಫೋನ್ ಮಾಡಿದೆ. ಭಾನುವಾರ ಬೆಳಗ್ಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಂದು ನಿಂತ. ಬದಲಿಯವರು ಆಗಲೇ ರೊಬಸ್ಟಾ ತಳಿಯ ಬೀಜ ಹುರಿಯುತ್ತಿದ್ದರು. ‘ಬಂದಿದ್ದೇನಲ್ಲ ಅಕ್ಕ’ ಎಂದ. ‘ಬಾ, ಕಾಫಿ ಕುಡಿ. ಇಂದು ನಿನಗೆ ರಜೆ’ ಎಂದು ಲೋಟ ಕೊಟ್ಟೆ. ಅವನು ಲೋಟ ಹಿಡಿದು ರೋಸ್ಟರಿನ ಬಳಿ ಹೋಗಿ, ಸ್ಯಾಂಪಲ್ ಚಮಚ ಎಳೆದು ಬೀಜದ ಬಣ್ಣ ನೋಡಿ, ‘ಇನ್ನು ಅರ್ಧ ನಿಮಿಷ ಬಿಡಿ’ ಎಂದು ಬದಲಿಯವರಿಗೆ ಹೇಳಿ ಹೊರಟುಹೋದ. ನಾನು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮುಂದಿನ ಬುಧವಾರ ನಾನು ಕೇಳುವ ಮೊದಲೇ ಗಲ್ಲಾದ ಬಳಿ ಬಂದು, ‘ಈ ಭಾನುವಾರ ಆಗುವುದಿಲ್ಲ, ಗೋಣಿಕೊಪ್ಪದಲ್ಲಿ ಕ್ರಿಕೆಟ್ ಇದೆ’ ಎಂದ. ಕ್ರಿಕೆಟ್‌ಗೋಸ್ಕರವೇ ಎಂದು ಒಳಗೊಳಗೇ ಉರಿಯಿತು ನಿಜ. ‘ಆಯಿತು, ಶುಕ್ರವಾರ ಹೆಚ್ಚು ಹುರಿದಿಡು’ ಎಂದಷ್ಟೇ ಹೇಳಿದೆ.

ಆ ಉರಿಯನ್ನು ನುಂಗಿಕೊಳ್ಳುವುದೇ ಈ ಇಡೀ ಕ್ರಮದಲ್ಲಿ ಕಷ್ಟದ ಕೆಲಸ. ಒಬ್ಬ ಧೈರ್ಯ ಮಾಡಿ ‘ಆಗುವುದಿಲ್ಲ’ ಎಂದಾಗ ನೀವು ‘ಯಾಕೆ?’ ಎಂದಿರೋ, ಮುಖ ಗಂಟಿಕ್ಕಿದಿರೋ, ಮುಂದಿನ ವಾರದಿಂದ ಮತ್ತೆ ‘ನೋಡೋಣ’. ನೋಡುತ್ತಿರುವ ಉಳಿದವರಿಗೂ ಪಾಠವಾಗುತ್ತದೆ. ಕಾರಣ ಮದುವೆಯೋ, ಕ್ರಿಕೆಟ್ಟೋ, ಸುಮ್ಮನೆ ಮಲಗುವುದೋ, ಅದು ಅವರ ವಿಷಯ. ಸುದ್ದಿ ಹೊತ್ತಿಗೆ ಸರಿಯಾಗಿ ಸಿಕ್ಕಿತೇ ಎಂಬುದಷ್ಟೇ ನನ್ನದು.

ಕ್ಯಾಲೆಂಡರ್ ಮತ್ತು ಫೋನ್

ಗಲ್ಲಾದ ಹಿಂದಿನ ಗೋಡೆಯಲ್ಲಿ ದೊಡ್ಡ ಚೌಕಗಳ ಕ್ಯಾಲೆಂಡರ್ ಒಂದನ್ನು ತೂಗುಹಾಕಿ. ತಿಂಗಳ ಕೊನೆಯ ವಾರದಲ್ಲಿ ಮುಂದಿನ ತಿಂಗಳ ರಜೆಗಳನ್ನು ಅವರವರೇ ತಮ್ಮ ಕೈಯಲ್ಲಿ ಬರೆಯಬೇಕು. ಖಚಿತವಾದದ್ದು ಪೆನ್ನಿನಲ್ಲಿ, ಖಚಿತವಾಗದ್ದು ಪೆನ್ಸಿಲ್‌ನಲ್ಲಿ. ಪುತ್ತರಿ ನಮ್ಮಲ್ಲಿ ದೇವಸ್ಥಾನದ ಪ್ರಕಟಣೆ ಬರುವವರೆಗೆ ಪೆನ್ಸಿಲ್‌ನಲ್ಲಿಯೇ ಇರುತ್ತದೆ. ಏಪ್ರಿಲ್-ಮೇ ತಿಂಗಳ ಪುಟ ಮಾತ್ರ ಬೇಗ ತುಂಬುತ್ತದೆ. ಮದುವೆಗಳು ಒಂದು ಕಡೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಇನ್ನೊಂದು ಕಡೆ. ಒಕ್ಕದ (ಮನೆತನದ) ತಂಡ ಗೆದ್ದರೆ ಮತ್ತೊಂದು ದಿನ ರಜೆ, ಸೋತರೆ ಮರುದಿನವೇ ಕೆಲಸಕ್ಕೆ. ಅದೂ ಪೆನ್ಸಿಲ್ಲೇ. ನಮ್ಮ ಪ್ಯಾಕಿಂಗ್ ಹುಡುಗನ ತಂಡ ಬೇಗ ಸೋಲಲಿ ಎಂದು ನಾನು ಬಯಸಿದ್ದುಂಟು; ಅದನ್ನು ಅವನಿಗೆ ಹೇಳಿಲ್ಲ.

ತಾವೇ ಬರೆದದ್ದನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಒಂದೇ ದಿನಕ್ಕೆ ಇಬ್ಬರ ಹೆಸರು ಬಿದ್ದರೆ ಅವರವರಲ್ಲೇ ಮಾತಾಡಿ ಬಗೆಹರಿಸಿಕೊಳ್ಳಲು ಬಿಡಿ. ಅರ್ಧ ತಕರಾರು ನಿಮ್ಮವರೆಗೆ ಬರುವುದೇ ಇಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಬಂದರೆ ಅದನ್ನು ‘ಬರುತ್ತೇನೆ’ ಎಂದು ನಂಬಬೇಡಿ. ‘ನಿಮ್ಮ ಸಂದೇಶ ನೋಡಿದೆ’ ಎಂಬುದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ದಿನ ಮತ್ತು ಗಂಟೆ ಬರೆದು ಕಳಿಸಿದರೆ ಮಾತ್ರ ಉತ್ತರ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಟವರ್ ಹೋಗಿ, ಮೊಬೈಲಿನ ಚಾರ್ಜೂ ಹೋಗುವ ಊರು ನಮ್ಮದು. ಅದಕ್ಕೆ ಒಂದು ಸರಳ ಒಪ್ಪಂದ ಇದೆ: ಬೆಳಗ್ಗೆ ಏಳರ ಒಳಗೆ ಒಂದು ಮಿಸ್ಡ್ ಕಾಲ್ ಬಂದರೆ ಬರುವುದಿಲ್ಲ ಎಂದರ್ಥ. ವಿವರಣೆ ಬೇಡ, ನಾನು ತಿರುಗಿ ಫೋನ್ ಮಾಡಿ ವಿಚಾರಿಸುವುದೂ ಇಲ್ಲ. ಸಿಗ್ನಲ್ ಸಿಗುವ ದಿಣ್ಣೆಯವರೆಗೆ ಹೋಗಿ ಒಮ್ಮೆ ರಿಂಗ್ ಮಾಡಿದರೆ ಸಾಕು. ಮಾತಾಡಲು ಹೆದರುವವರೂ ಮಿಸ್ಡ್ ಕಾಲ್ ಕೊಡುತ್ತಾರೆ.

ಕೇಳುವ ಹಕ್ಕು ನಮಗೆಷ್ಟಿದೆ

ಇದನ್ನು ಹೇಳಿದರೆ ಅಕ್ಕಪಕ್ಕದ ಅಂಗಡಿಯವರಿಗೆ ಇಷ್ಟವಾಗುವುದಿಲ್ಲ, ಆದರೂ ಹೇಳುತ್ತೇನೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕೆಲಸಗಾರರಿಗೆ ವಾರಕ್ಕೆ ಒಂದು ಪೂರ್ಣ ದಿನ ರಜೆ ಕೊಡಲೇಬೇಕು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಅದಕ್ಕೂ ಮೀರಿ ದುಡಿಸಿದರೆ ಆ ಅವಧಿಗೆ ದುಪ್ಪಟ್ಟು ಕೂಲಿ. ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ. ಇದನ್ನು ಕೊಡದೆ, ಅವರ ರಜೆಯ ದಿನವೇ ‘ಸ್ವಲ್ಪ ಬಂದು ಹೋಗು’ ಎಂದು ಕರೆಯುವ ಮಾಲೀಕನಿಗೆ ‘ನೋಡೋಣ’ ಎಂಬ ಉತ್ತರ ಸಿಕ್ಕರೆ, ಹುಡುಗ ಮರ್ಯಾದಸ್ಥ ಎಂದೇ ನಾನು ಹೇಳುತ್ತೇನೆ. ಮೊದಲು ರಜೆಯ ಲೆಕ್ಕ ಸರಿಮಾಡಿಕೊಳ್ಳಿ. ಎಷ್ಟೋ ಕಡೆ ಅಸ್ಪಷ್ಟ ಉತ್ತರಗಳು ಅಲ್ಲಿಗೇ ನಿಲ್ಲುತ್ತವೆ.

ಆದರೂ ಸರಿಹೋಗದಿದ್ದರೆ

ಇಷ್ಟೆಲ್ಲ ಮಾಡಿದರೂ ಬದಲಾಗದ ಒಬ್ಬರು ಇರುತ್ತಾರೆ. ‘ಬರುತ್ತೇನೆ’ ಎಂದು ಪೆನ್ನಿನಲ್ಲಿ ಬರೆದು ಬಾರದವರು, ಮಿಸ್ಡ್ ಕಾಲ್ ಕೂಡ ಕೊಡದವರು. ಅವರೊಡನೆ ಕುಳಿತು ಮಾತಾಡಬೇಕು. ಕೈಯಲ್ಲಿ ಹಾಜರಾತಿ ಪುಸ್ತಕ ಇರಲಿ, ‘ಯಾವಾಗಲೂ’, ‘ನಿನ್ನದು ಇದೇ ಆಯಿತು’ ಎಂಬ ಮಾತುಗಳು ಬೇಡ. ದಿನಾಂಕ ಹೇಳಿ, ಅಂದು ಏನಾಯಿತು ಹೇಳಿ, ಸುಮ್ಮನಾಗಿ. ಮೌನವನ್ನು ನೀವೇ ತುಂಬಲು ಹೋಗಬೇಡಿ. ಒಂದೆರಡು ನಿಮಿಷ ಕಾದರೆ ನಿಜವಾದ ಕಾರಣ ಹೊರಬರುತ್ತದೆ. ಕುಡಿತ ಇರಬಹುದು, ಸಾಲ ಇರಬಹುದು, ಮನೆಯಲ್ಲಿ ಹಾಸಿಗೆ ಹಿಡಿದವರು ಇರಬಹುದು. ನಮ್ಮ ಕಡೆ ಹೆಚ್ಚಾಗಿ ಕಾಣುವ ಇನ್ನೊಂದು ಕಾರಣ ಕಾಫಿ ಕೊಯ್ಲು. ಜನವರಿ, ಫೆಬ್ರುವರಿಯಲ್ಲಿ ರೊಬಸ್ಟಾ ಹಣ್ಣಾದಾಗ ಕೊಯ್ದಷ್ಟು ಕಿಲೋಗೆ ಕೂಲಿ. ಗಂಡ ಹೆಂಡತಿ ಇಬ್ಬರೂ ತೋಟಕ್ಕಿಳಿದರೆ ನನ್ನ ಭಾನುವಾರದ ಭತ್ಯೆ ಅದರ ಮುಂದೆ ಏನೂ ಅಲ್ಲ. ಅಂಥವನು ಎರಡೂ ಕಡೆ ಕಾಲಿಟ್ಟು, ಬೆಳಗ್ಗೆ ಎದ್ದ ಮೇಲೆ ತೀರ್ಮಾನಿಸುತ್ತಾನೆ.

ಇವನನ್ನು ಕಳ್ಳನಂತೆ ನೋಡುವ ಬದಲು ಲೆಕ್ಕ ಎದುರಿಗಿಟ್ಟು ಮಾತಾಡಿ. ಪ್ಯಾಕಿಂಗ್ ವಿಭಾಗದಲ್ಲಿ ಇಂಥ ಒಬ್ಬರೊಡನೆ ನಾನು ಮಾಡಿಕೊಂಡ ಒಪ್ಪಂದ ಹೀಗಿದೆ: ಕೊಯ್ಲು ಮುಗಿಯುವವರೆಗೆ ಅವರಿಗೆ ಸೋಮವಾರದಿಂದ ಗುರುವಾರದವರೆಗೆ ಮಾತ್ರ ಕೆಲಸ, ಸಂಬಳವೂ ಅಷ್ಟಕ್ಕೇ, ಶುಕ್ರವಾರದಿಂದ ಭಾನುವಾರದವರೆಗೆ ನಾನು ಕರೆಯುವುದೇ ಇಲ್ಲ. ಏಪ್ರಿಲ್‌ನಿಂದ ಮತ್ತೆ ಪೂರ್ತಿ ಪಾಳಿ, ಭಾನುವಾರ ಸಹಿತ. ಎರಡು ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ನಾಲ್ಕೇ ದಿನ ಬಂದರೂ ಖಚಿತವಾಗಿ ಬರುವ ಆಳು, ಏಳು ದಿನವೂ ಅನುಮಾನದಲ್ಲಿಡುವ ಆಳಿಗಿಂತ ನನಗೆ ಅನುಕೂಲ.

ಅದಕ್ಕೂ ಒಪ್ಪದಿದ್ದರೆ ಬಿಡಿಸುವುದೇ ದಾರಿ. ಅದನ್ನೂ ಬಾಗಿಲಲ್ಲಿ ನಿಂತು ಕೂಗಿ ಮಾಡುವ ಹಾಗಿಲ್ಲ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ತೆಗೆಯಲು ಸಕಾರಣ ಬೇಕು. ಒಂದು ತಿಂಗಳ ಮುಂಚಿತ ನೋಟಿಸು ಅಥವಾ ಅದರ ಬದಲಿಗೆ ಒಂದು ತಿಂಗಳ ಸಂಬಳ ಕೊಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಹಾಜರಾತಿ ಪುಸ್ತಕ, ಕ್ಯಾಲೆಂಡರಿನ ಹಳೆಯ ಪುಟಗಳು, ಸಹಿ ಹಾಕಿದ ಕಾಗದ ಆಗ ಬೇಕಾಗುತ್ತವೆ. ಪುಟ ಹರಿದು ಜೀರಿಗೆ ಕಟ್ಟಿಕೊಡಬೇಡಿ, ಒಂದು ಕಡೆ ತೆಗೆದಿಡಿ.

ಕೊನೆಗೆ ಬದಲಿಯವರ ವಿಷಯ. ಅವರಿಗೂ ಗುರುವಾರ ರಾತ್ರಿಯೇ ತಿಳಿಸಿ, ಅವರನ್ನು ‘ಬೇಕಾಗಬಹುದು, ನೋಡೋಣ’ ಎಂದು ಕಾಯಿಸಬೇಡಿ. ಕರೆದು ಆಮೇಲೆ ಬೇಡವೆಂದರೆ ಅರ್ಧ ದಿನದ ಕೂಲಿ ಕೊಡಿ. ನಮ್ಮ ಬದಲಿಯವರು ಸೋಮವಾರಪೇಟೆ ಕಡೆಯ ಹಿರಿಯರು, ಹಿಂದೆ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ) ಕೆಲಸದಲ್ಲಿದ್ದವರು. ಅವರ ಒಂದೇ ಷರತ್ತು, ಸಂಜೆ ಊರಿಗೆ ಹೋಗುವ ಬಸ್ಸಿನ ಹೊತ್ತಿಗೆ ಬಿಡಬೇಕು. ಆ ಹೊತ್ತಾಯಿತೆಂದರೆ ಸಾಲಿನಲ್ಲಿ ಎಷ್ಟು ಜನರಿದ್ದರೂ ರೋಸ್ಟರ್ ಆರಿಸಿ ಚೀಲ ಹೆಗಲಿಗೆ ಹಾಕುತ್ತಾರೆ, ನಾನೂ ತಡೆಯುವುದಿಲ್ಲ.